ಹುಬ್ಬಳ್ಳಿ-ಧಾರವಾಡದ ಅಡಿಯಲ್ಲಿ ಒಂದು ಕಡಲತಳ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನಾದರೂ ನಿಲ್ಲಿಸಿ, ‘ಧಾರವಾಡ ಶಿಲೆಗಳು ಅಂದ್ರೆ ಏನು?’ ಎಂದು ಕೇಳಿ. ಉತ್ತರ ಥಟ್ಟನೆ ಬರುತ್ತದೆ: ಕಬ್ಬಿಣ, ಮ್ಯಾಂಗನೀಸ್, ಚಿನ್ನ, ತಾಮ್ರ. ಗೈಡುಗಳಲ್ಲಿ ಇರುವುದೂ ಇಷ್ಟೇ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು ಬಿಡಿ. ಆದರೆ ಆ ಶಿಲೆ ಅವರು ಕೂತು ಓದುವ ರೂಮಿನ ಪಾಯದ ಕೆಳಗೇ ಇದೆ. ಅದರ ಬಹುಪಾಲು ಸುಮಾರು 260 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳಕ್ಕೆ ಹೋಗಿ ಬಿದ್ದ ಮರಳು ಮತ್ತು ರಾಡಿ.

ಖನಿಜಗಳ ಪಟ್ಟಿಗಿಂತ ಈ ಸಂಗತಿಯೇ ನನಗೆ ದೊಡ್ಡದು. ಕಪ್ಪತಗುಡ್ಡದ ಚಿನ್ನ ಎಲ್ಲಿಂದ ಬಂತು, ಪಕ್ಕದ ಹೊಲದ ಬೋರಿಗೆ ನೀರು ಬಿದ್ದು ನಮ್ಮ ಬೋರಿಗೆ ಯಾಕೆ ಬೀಳಲಿಲ್ಲ, ಇಂಥ ಪ್ರಶ್ನೆಗಳೆಲ್ಲ ಆ ರಾಡಿಯ ತನಕ ಹೋಗಿ ಮುಟ್ಟುತ್ತವೆ.

ಮೊದಲು ಜಾಗ ನೋಡೋಣ. ಗೋವಾದ ಕಡೆಯಿಂದ ಧಾರವಾಡ, ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು ಹಾದು ಶಿವಮೊಗ್ಗದವರೆಗೆ ಈ ಕಲ್ಲಿನ ಅಗಲವಾದ ಒಂದು ಪಟ್ಟಿ ಹೋಗುತ್ತದೆ. ಪೂರ್ವಕ್ಕೆ ಇನ್ನೊಂದು ಪಟ್ಟಿ ಇದೆ. ಅದು ಗದಗಿನ ಹತ್ತಿರ ಎದ್ದು, ಕಪ್ಪತಗುಡ್ಡದ ಉದ್ದಕ್ಕೂ ಸಾಗಿ, ತುಂಗಭದ್ರೆ ದಾಟಿ ಚಿತ್ರದುರ್ಗದ ಕಡೆ ಹೋಗುತ್ತದೆ. ಈ ಪಟ್ಟಿಗಳ ನಡುವೆಯೂ ಸುತ್ತಲೂ ಇರುವುದು ನೈಸ್ ಎಂಬ ಬಿಳಿ-ಕಪ್ಪು ಗೆರೆಯ ಗಟ್ಟಿ ಕಲ್ಲು. ಅದು ಇನ್ನೂ ಹಳೆಯದು, 300 ಕೋಟಿ ವರ್ಷಕ್ಕೂ ಹಿಂದಿನದು. ಆ ನೈಸ್ ಒಂದು ಕಾಲಕ್ಕೆ ನೆಲವಾಗಿತ್ತು. ಆ ನೆಲ ಸವೆದು, ಅದರ ಮರಳು-ಮಣ್ಣು ಹರಿದುಹೋಗಿ ಬಿದ್ದ ತಗ್ಗುಗಳೇ ಇಂದಿನ ಧಾರವಾಡ ಪಟ್ಟಿಗಳು.

ಬಾದಾಮಿ ಕಡೆಯ ಕೆಂಪು ಮರಳುಗಲ್ಲನ್ನು ಇದರ ಜೊತೆ ಸೇರಿಸಬೇಡಿ. ಅದೂ ನೀರು ಹೊತ್ತು ತಂದ ಮರಳೇ. ಆದರೆ ವಯಸ್ಸಿನಲ್ಲಿ ಧಾರವಾಡದ ಕಲ್ಲಿಗಿಂತ ನೂರು ಕೋಟಿ ವರ್ಷಕ್ಕೂ ಹೆಚ್ಚು ಚಿಕ್ಕದು. ಅದರ ಪದರಗಳು ಇವತ್ತಿಗೂ ಬಹುಮಟ್ಟಿಗೆ ಮಟ್ಟಸವಾಗಿ ಮಲಗಿವೆ. ನಮ್ಮವು ಎದ್ದು ನಿಂತಿವೆ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಈ ಶಿಲೆಗಳಿಗೆ ನಮ್ಮೂರಿನ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿ ಇದ್ದವರು. 1863ರಲ್ಲಿ ಮದ್ರಾಸಿನ ಬಳಿ ಪಲ್ಲಾವರದಲ್ಲಿ ಆದಿಮಾನವರ ಕಲ್ಲಿನ ಕೈಗೊಡಲಿ ಹುಡುಕಿದವರೂ ಇವರೇ. 1874ರಲ್ಲಿ ಅವರು ಡಂಬಳದ ಗುಡ್ಡಗಳ, ಅಂದರೆ ಕಪ್ಪತಗುಡ್ಡದ, ಚಿನ್ನ ಇರುವ ಶಿಲೆಗಳ ಬಗ್ಗೆ ವರದಿ ಬರೆದರು. ಆಗ ಗದಗ, ಹಾವೇರಿ ಎಲ್ಲ ಧಾರವಾಡ ಜಿಲ್ಲೆಯೇ. ಮೊದಲಿಗೆ ಫೂಟ್ ಇವನ್ನು ನೈಸ್ ಜೊತೆಗೇ ಸೇರಿಸಿದ್ದರು. ಇನ್ನಷ್ಟು ಸುತ್ತಾಡಿದ ಮೇಲೆ, 1880ರ ದಶಕದಲ್ಲಿ, ಇವು ನೈಸ್ ಮೇಲೆ ಕೂತ ಬೇರೆಯದೇ ಶಿಲೆಗಳು ಎಂದು ವಿಂಗಡಿಸಿ ‘ಧಾರವಾಡ’ ಎಂದು ಕರೆದರು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ 20ನೇ ಶತಮಾನದ ಆರಂಭದಲ್ಲಿ ಇದನ್ನು ಪೂರ್ತಿ ತಿರುವಿ ಹಾಕಿದರು. ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ಅವು ಬೆಂಕಿಯಿಂದ ಹುಟ್ಟಿದವು, ನೀರಿನಿಂದಲ್ಲ ಎಂಬುದು ಅವರ ವಾದ. ಸುಮ್ನೆ ಹೇಳಿದ ಮಾತಲ್ಲ ಅದು. ಗಡಿಗಳಲ್ಲಿ ನೋಡಿದರೆ ಹಾಗೆಯೇ ಕಾಣುತ್ತದೆ. ಕೆಳಗಿನಿಂದ ಗ್ರಾನೈಟ್ ಕರಗಿ ಬಂದು ಧಾರವಾಡ ಶಿಲೆಯೊಳಗೆ ನುಗ್ಗಿದೆ. ನುಗ್ಗಿದ್ದು ಹೊಸದು, ನುಗ್ಗಿಸಿಕೊಂಡದ್ದು ಹಳೆಯದು, ಅಲ್ವಾ? ತೊಡಕು ಏನೆಂದರೆ, ನುಗ್ಗಿದ ಆ ಹೊಸ ಗ್ರಾನೈಟೂ ಅಡಿಯಲ್ಲಿ ಮೊದಲೇ ಇದ್ದ ಹಳೆಯ ನೈಸೂ ನೋಡಲು ಹೆಚ್ಚುಕಡಿಮೆ ಒಂದೇ ತರಹ. ಇವೆರಡನ್ನು ಬೇರೆ ಮಾಡುವುದರಲ್ಲಿ ದಶಕಗಳೇ ಹೋದವು.

ವಾದ ಬಗೆಹರಿಸಿದ ಸಾಕ್ಷಿಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಗುಂಡುಕಲ್ಲುಗಳದು. ಧಾರವಾಡ ಪದರಗಳಲ್ಲಿ ಕೆಲವು ಕಡೆ ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲುಗಳು ಒಟ್ಟಾಗಿ ಅಂಟಿಕೊಂಡು ಒಂದೇ ಬಂಡೆಯಾಗಿವೆ. ಚಿಕ್ಕಮಗಳೂರು ಜಿಲ್ಲೆಯ ಕಲ್ದುರ್ಗದ ಬಂಡೆ ಇಂಥದ್ದು. ಅದರೊಳಗಿನ ಗುಂಡುಗಳಲ್ಲಿ ಗ್ರಾನೈಟ್ ಇದೆ. ಧಾರವಾಡ ಶಿಲೆಗಿಂತ ಮೊದಲೇ ಗ್ರಾನೈಟ್ ನೆಲ ಇಲ್ಲದಿದ್ದರೆ ಆ ಗುಂಡುಗಳು ಎಲ್ಲಿಂದ ಬರಬೇಕು? ಹರಿಯುವ ನೀರಿಲ್ಲದೆ ಅವು ದುಂಡಗಾದದ್ದು ಹೇಗೆ? ಎರಡು ಪ್ರಶ್ನೆಗೂ ಒಂದೇ ಬಂಡೆಯಲ್ಲಿ ಉತ್ತರ. 1970ರ ದಶಕದ ಹೊತ್ತಿಗೆ ಭೂವಿಜ್ಞಾನಿಗಳಾದ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಇಡೀ ರಾಶಿಯನ್ನು ಜೋಡಿಸಿ ಕೊಟ್ಟ ಕ್ರಮವನ್ನೇ ಇವತ್ತಿಗೂ ಬಹುತೇಕರು ಬಳಸುತ್ತಾರೆ. ಅಡಿಯಲ್ಲಿ ಬಾಬಾಬುಡನ್ ಗುಂಪು, ಅದರ ಮೇಲೆ ಚಿತ್ರದುರ್ಗ ಗುಂಪು. ಹುಬ್ಬಳ್ಳಿ-ಧಾರವಾಡ, ಹಾವೇರಿ, ಗದಗಿನ ಶಿಲೆಗಳು ಹೆಚ್ಚಾಗಿ ಈ ಎರಡನೆಯದಕ್ಕೆ ಸೇರುತ್ತವೆ.

ಈಗ ನಮ್ಮ ಕಲ್ಲಿಗೆ ಬರೋಣ. ಇಲ್ಲಿ ಅತಿ ಹೆಚ್ಚು ಸಿಗುವುದು ಗ್ರೇವ್ಯಾಕ್ ಎಂಬ ಕಲ್ಲು. ರಾಣೆಬೆನ್ನೂರಿನ ಹೆಸರಿನಲ್ಲೇ ಈ ಕಲ್ಲಿನ ಒಂದು ವಿಭಾಗ ಇದೆ. ಹೊಸದಾಗಿ ಒಡೆದರೆ ಬೂದಿ-ಹಸಿರು ಬಣ್ಣ. ಬಿಸಿಲು ಮಳೆಗೆ ಬಿದ್ದದ್ದು ಹಳದಿ, ಕೆಂಪು, ಕೆಲವೊಮ್ಮೆ ಬಿಳಿ. ಧಾರವಾಡದಲ್ಲಿ ಮನೆಯ ಪಾಯ ತೋಡುವಾಗ ಪದರ ಪದರವಾಗಿ ಎದ್ದುಬರುವ ಬಣ್ಣಬಣ್ಣದ ಮೆತ್ತನೆ ಕಲ್ಲು ಇದೇ ಜಾತಿಯದು, ಕೊಳೆತದ್ದು. ರಸ್ತೆಗೆ ಹಾಸುವ ಗರಸಿನಲ್ಲೂ ಇದರ ಚೂರು ಸಿಗುತ್ತವೆ. ಗಟ್ಟಿ ಕಲ್ಲು ನೋಡಬೇಕೆಂದರೆ ಕಲ್ಲಿನ ಖಣಿಗೋ, ಆಳವಾಗಿ ತೋಡಿದ ಬಾವಿಗೋ ಹೋಗಬೇಕು.

ಗ್ರೇವ್ಯಾಕ್ ಅಂದರೆ ಅಸಲಿಗೆ ಜರಡಿ ಹಿಡಿಯದ ಮರಳು. ದಪ್ಪ ಕಾಳು, ಸಣ್ಣ ಕಾಳು, ಕಲ್ಲಿನ ಚೂರು, ಜೇಡಿ, ಎಲ್ಲ ಒಟ್ಟಿಗೆ. ಸಮುದ್ರದ ದಂಡೆಯ ಮರಳು ಹೀಗಿರುವುದಿಲ್ಲ. ಅಲೆ ಅದನ್ನು ದಿನವೂ ತೊಳೆದು ಜೇಡಿಯನ್ನು ಒಯ್ದುಬಿಡುತ್ತದೆ, ಕಾಳುಗಳ ಮೂಲೆ ಸವೆಸುತ್ತದೆ. ಗ್ರೇವ್ಯಾಕಿನ ಕಾಳಿಗೆ ಮೂಲೆಗಳು ಹಾಗೇ ಉಳಿದಿವೆ. ಅದರೊಳಗೆ ಫೆಲ್ಡ್‌ಸ್ಪಾರ್ ಎಂಬ ಖನಿಜವೂ ಇದೆ. ಗಾಳಿ ನೀರಿಗೆ ಬಹಳ ಕಾಲ ಬಿದ್ದರೆ ಅದು ಕೊಳೆತು ಜೇಡಿಯಾಗುತ್ತದೆ. ಕೊಳೆತಿಲ್ಲ ಎಂದರೆ ಈ ಮರಳು ಅವಸರದಲ್ಲಿ ಬಂದು ಅವಸರದಲ್ಲೇ ಹೂತುಹೋಗಿರಬೇಕು.

ಅವಸರ ಯಾಕೆ ಎಂಬುದಕ್ಕೆ ಸುಳಿವು ಪದರದೊಳಗೇ ಇದೆ. ಒಳ್ಳೆಯ ತುಂಡು ಸಿಕ್ಕರೆ ಒಂದೊಂದು ಪದರದ ಒಂದು ಬದಿಗೆ ದಪ್ಪ ಕಾಳು ಕಾಣುತ್ತದೆ. ಇನ್ನೊಂದು ಬದಿಗೆ ಹೋಗುತ್ತಾ ಕಾಳು ಸಣ್ಣದಾಗಿ, ಕೊನೆಗೆ ನುಣ್ಣನೆಯ ರಾಡಿ. ಅದರಾಚೆ ಮತ್ತೆ ದಪ್ಪ ಕಾಳಿನಿಂದ ಹೊಸ ಪದರ. ಹೀಗೆ ಒಂದರ ಮೇಲೊಂದು. ಮನೆಯಲ್ಲೇ ಮಾಡಿ ನೋಡಬಹುದು: ಖಾಲಿ ನೀರಿನ ಬಾಟಲಿಗೆ ಒಂದು ಹಿಡಿ ಹಳ್ಳದ ಉಸುಕು, ಒಂದು ಹಿಡಿ ಎರಿ ಮಣ್ಣು ಹಾಕಿ, ನೀರು ತುಂಬಿ, ಜೋರಾಗಿ ಅಲ್ಲಾಡಿಸಿ ಇಟ್ಟುಬಿಡಿ. ದಪ್ಪ ಉಸುಕು ಕ್ಷಣದಲ್ಲಿ ತಳಕ್ಕೆ ಕೂರುತ್ತದೆ. ಜೇಡಿ ಕೂರಲು ಮರುದಿನ ಆದೀತು. ಮತ್ತೊಂದು ಸಲ ಮೇಲಿನಿಂದ ಉಸುಕು-ಮಣ್ಣು ಸುರಿದರೆ ಇನ್ನೊಂದು ಪದರ.

ಸಮುದ್ರದಲ್ಲಿ ಬಾಟಲಿ ಅಲ್ಲಾಡಿಸುವವರು ಯಾರು? ಇದು 20ನೇ ಶತಮಾನದ ಮಧ್ಯದವರೆಗೂ ಸರಿಯಾಗಿ ಗೊತ್ತಿರಲಿಲ್ಲ. 1929ರ ನವೆಂಬರ್ 18ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದಕ್ಷಿಣಕ್ಕೆ ಕಡಲಲ್ಲಿ ಭೂಕಂಪವಾಯಿತು. ಅಲ್ಲಿ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ಕೇಬಲ್‌ಗಳು ಹಾದುಹೋಗಿದ್ದವು. ಭೂಕಂಪದ ಹತ್ತಿರ ಇದ್ದವು ಆ ಕೂಡಲೇ ತುಂಡಾದವು. ವಿಚಿತ್ರ ಅಂದರೆ, ದೂರದ ಕೇಬಲ್‌ಗಳು ಒಂದಾದ ಮೇಲೊಂದು, ಇಳಿಜಾರಿನ ದಿಕ್ಕಿನಲ್ಲಿ, ತಾಸುಗಟ್ಟಲೆ ತಡವಾಗಿ ತುಂಡಾಗುತ್ತಾ ಹೋದವು. ಕೊನೆಯದು ತುಂಡಾದದ್ದು 13 ತಾಸಿನ ಮೇಲೆ. ಕೇಬಲ್ ಸಂದೇಶ ನಿಂತ ವೇಳೆ ದಾಖಲಾಗಿತ್ತು. 1952ರಲ್ಲಿ ಭೂವಿಜ್ಞಾನಿಗಳಾದ ಹೀಜೆನ್ ಮತ್ತು ಯೂಯಿಂಗ್ ಆ ವೇಳೆಗಳನ್ನೇ ಹಿಡಿದು ಲೆಕ್ಕ ಹಾಕಿದರು. ಕಡಲತಳದ ಇಳಿಜಾರಿನಲ್ಲಿ ಕೂತಿದ್ದ ಮರಳು-ರಾಡಿ ಕುಸಿದು, ನೀರಿನೊಂದಿಗೆ ಬೆರೆತು, ದಟ್ಟ ಪ್ರವಾಹವಾಗಿ ತಳದ ಮೇಲೆ ತಾಸಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಓಡಿತ್ತು. ದಾರಿಯಲ್ಲಿದ್ದ ಕೇಬಲ್‌ಗಳನ್ನೆಲ್ಲ ಕಡಿದುಕೊಂಡು ಹೋಗಿತ್ತು.

ಇಂಥ ಪ್ರವಾಹ ಆಳದಲ್ಲಿ ವೇಗ ಕಳೆದುಕೊಂಡಾಗ ಬಾಟಲಿಯಲ್ಲಿ ಆದದ್ದೇ ಆಗುತ್ತದೆ. ಮೊದಲು ದಪ್ಪ ಕಾಳು, ಆಮೇಲೆ ಸಣ್ಣದು, ಕೊನೆಗೆ ರಾಡಿ. ನಮ್ಮ ಗ್ರೇವ್ಯಾಕಿನ ಒಂದೊಂದು ಪದರವೂ ಹೀಗೆ ಒಂದೊಂದು ಕುಸಿತದ ದಾಖಲೆ. ನಡುವೆ ಎಷ್ಟೋ ವರ್ಷ ಏನೂ ಆಗದೆ ಸುಮ್ಮನಿದ್ದ ಸಮುದ್ರ ಒಂದು ದಿನದಲ್ಲಿ ಒಂದು ಪದರ ಹಾಸಿಬಿಡುತ್ತದೆ. ಕೋಟಿ ವರ್ಷ ಎಂದ ತಕ್ಷಣ ಎಲ್ಲವೂ ಬಹಳ ನಿಧಾನ ಎಂದುಕೊಳ್ಳುತ್ತೇವಲ್ಲ, ಅದು ಅರ್ಧ ಸತ್ಯ ಮಾತ್ರ. ಈ ಕಲ್ಲಿನ ಹೆಚ್ಚಿನ ದಪ್ಪ ಕೂಡಿದ್ದು ಚಿಕ್ಕ ಚಿಕ್ಕ ಅನಾಹುತಗಳಿಂದ.

ಎಲ್ಲವೂ ಮರಳು-ರಾಡಿಯೇ ಅಲ್ಲ. ನಡುನಡುವೆ ಲಾವಾ ಇದೆ. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ಅದು ಉಬ್ಬಿದ ದಿಂಬಿನ ಆಕಾರದಲ್ಲಿ ಗಟ್ಟಿಯಾಗಿದೆ. ಲಾವಾ ನೀರಿನೊಳಗೆ ಹರಿದು ತಟ್ಟನೆ ತಣ್ಣಗಾದರೆ ಆ ಆಕಾರ ಬರುತ್ತದೆ. ಆ ಜಾಗ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಗದಗ ಪಟ್ಟಿಯಲ್ಲೂ ಇಂಥ ಲಾವಾ ಶಿಲೆಗಳಿವೆ, ಗ್ರೇವ್ಯಾಕಿನ ಜೊತೆಗೇ.

ಈಗ ನಿಂತ ಪದರಗಳ ವಿಷಯ. ರಾಡಿ ಬೀಳುವಾಗ ಮಟ್ಟಸವಾಗಿಯೇ ಬೀಳುತ್ತದೆ. ಆದರೆ ನಮ್ಮ ಕಡೆಯ ಬಾವಿಯಲ್ಲೋ ಖಣಿಯಲ್ಲೋ ಇಣುಕಿದರೆ ಪದರಗಳು ಕಡಿದಾಗಿ, ಕೆಲವು ಕಡೆ ಪೂರ್ತಿ ನೆಟ್ಟಗೆ ನಿಂತಿರುತ್ತವೆ. ಚಾಪೆಯನ್ನು ಎರಡು ಬದಿಯಿಂದ ಒಟ್ಟಿಗೆ ಒತ್ತಿದರೆ ಮಡಿಕೆ ಬೀಳುವಂತೆ, ಈ ಇಡೀ ರಾಶಿಯನ್ನು ಭೂಮಿ ಪೂರ್ವ-ಪಶ್ಚಿಮದಿಂದ ಒತ್ತಿತು. ಮಡಿಕೆಗಳು ಬಿದ್ದದ್ದು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ. ನಕ್ಷೆ ತೆಗೆದು ಕಪ್ಪತಗುಡ್ಡದ ಸಾಲು ನೋಡಿ. ಗದಗಿನ ಬಳಿಯ ಬಿಂಕದಕಟ್ಟಿಯ ಕಡೆಯಿಂದ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ಕಡೆಗೆ ಸರಿಯಾಗಿ ಇದೇ ದಿಕ್ಕು ಹಿಡಿದಿದೆ. ಮಡಿಕೆ ಬೀಳುವಾಗ ಶಾಖವೂ ಒತ್ತಡವೂ ಸೇರಿ ಕಲ್ಲಿನ ಒಳಗನ್ನೇ ಬದಲಿಸಿದವು. ರಾಡಿಯಿಂದ ಶೇಲ್, ಶೇಲ್‌ನಿಂದ ಹಾಳೆಹಾಳೆಯಾಗಿ ಬಿಡುವ ಶಿಸ್ಟ್. ಹಸಿರು ಛಾಯೆ ಕೊಟ್ಟದ್ದು ಆಗ ಹುಟ್ಟಿದ ಕ್ಲೋರೈಟ್ ಖನಿಜ.

ಮಡಿಕೆ ಬಿದ್ದು ತಲೆಕೆಳಗಾದ ಪದರದಲ್ಲಿ ಮೇಲಿನದು ಯಾವುದು, ಕೆಳಗಿನದು ಯಾವುದು? ಮತ್ತೆ ದಪ್ಪ ಕಾಳೇ ಗತಿ. ದಪ್ಪ ಕಾಳು ಇರುವ ಬದಿ ಹುಟ್ಟಿದಾಗ ತಳವಾಗಿತ್ತು, ಈಗ ಅದು ಯಾವ ಕಡೆ ಮುಖ ಮಾಡಿದ್ದರೂ ಸರಿ. ಊರಿಂದ ಊರಿಗೆ ನಡೆಯುತ್ತಾ ಈ ಗುರುತು ಹಾಕಿಕೊಂಡು ಹೋದರೆ ಮಡಿಕೆ ಎಲ್ಲಿ ತಿರುಗಿತು ಎಂದು ಸಿಗುತ್ತದೆ. ಫೂಟ್ ಕಾಲದಿಂದ ಇವತ್ತಿನ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿದ್ಯಾರ್ಥಿಗಳವರೆಗೆ ಈ ಕೆಲಸಕ್ಕೆ ಸುತ್ತಿಗೆ, ದಿಕ್ಸೂಚಿ ಮತ್ತು ಗಟ್ಟಿ ಚಪ್ಪಲಿ ಬೇಕು. ದೊಡ್ಡ ಯಂತ್ರ ಬೇಕಾಗುವುದು ವಯಸ್ಸು ತಿಳಿಯಲು.

ವಯಸ್ಸು ಹೇಳುವುದು ಜಿರ್ಕಾನ್ ಎಂಬ ಹರಳು. ಕಣ್ಣಿಗೆ ಕಾಣದಷ್ಟು ಸಣ್ಣದು, ಮಹಾ ಗಟ್ಟಿ. ಹುಟ್ಟುವಾಗ ಸ್ವಲ್ಪ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ ತಾನಾಗಿಯೇ ಒಡೆಯುತ್ತಾ ಸೀಸವಾಗುತ್ತದೆ. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು.

ಆದರೆ ರಾಡಿಯ ಕಲ್ಲಿನಲ್ಲಿ ಒಂದು ಪೇಚು ಇದೆ. ಅದರೊಳಗಿನ ಜಿರ್ಕಾನ್ ಹಳೆಯ ನೈಸ್‌ನಿಂದ ಕೊಚ್ಚಿಕೊಂಡು ಬಂದದ್ದು. ಅದು ತನ್ನ ತವರಿನ ವಯಸ್ಸು ಹೇಳುತ್ತದೆ, ರಾಡಿ ಬಿದ್ದ ದಿನವನ್ನಲ್ಲ. ಸಿಕ್ಕ ಹರಳುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ, ಕಲ್ಲು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ ಎಂದಷ್ಟೇ ಹೇಳಬಹುದು. ಹಾಗಾಗಿ ಪದರಗಳ ನಡುವೆ ಸಿಕ್ಕಿಕೊಂಡ ಜ್ವಾಲಾಮುಖಿ ಶಿಲೆಯನ್ನು ಹುಡುಕುತ್ತಾರೆ. ಅದರ ಹರಳು ಹುಟ್ಟಿದ್ದೂ ಪದರ ಕೂತದ್ದೂ ಹೆಚ್ಚುಕಡಿಮೆ ಒಂದೇ ಕಾಲ. ದಾವಣಗೆರೆ ಜಿಲ್ಲೆಯ ದಾಗಿನಕಟ್ಟೆಯ ಇಂಥ ಶಿಲೆಗೆ 1997ರಲ್ಲಿ ಪ್ರಕಟವಾದ ವಯಸ್ಸು 261 ಕೋಟಿ 40 ಲಕ್ಷ ವರ್ಷ, 80 ಲಕ್ಷ ಅತ್ತಿತ್ತ. ಒಟ್ಟು ಧಾರವಾಡ ಸಮೂಹ ಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದೆ ಕೂಡಿದ್ದು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ ಎಂದರೆ ಅಂತರ ತಿಳಿಯುತ್ತದೆ. ಅದಕ್ಕೇ ಇಲ್ಲಿ ಚಿಪ್ಪು, ಎಲುಬು ಹುಡುಕಿ ಫಲವಿಲ್ಲ. ಜೀವದ ಗುರುತು ಇದ್ದರೆ ಅದು ಸೂಕ್ಷ್ಮಜೀವಿಗಳದು. ಶಿವಮೊಗ್ಗ ಜಿಲ್ಲೆಯ ಕುಂಸಿಯ ಕಡೆ ಸುಣ್ಣದ ಕಲ್ಲಿನಲ್ಲಿ ಅವು ಕಟ್ಟಿದ ಗುಮ್ಮಟದಂಥ ಪದರಗಳು ಸಿಕ್ಕಿವೆ.

ಆ ಕಾಲದ ಗಾಳಿಯೂ ಬೇರೆ. ಉಸಿರಾಡಲು ಆಮ್ಲಜನಕವೇ ಇರಲಿಲ್ಲ ಅನ್ನಬಹುದು. ಗಾಳಿಗೆ ಆಮ್ಲಜನಕ ಸೇರಿದ್ದು ಸುಮಾರು 240 ಕೋಟಿ ವರ್ಷಗಳಿಂದ ಈಚೆಗೆ. ಚಿಕ್ಕಮಗಳೂರು ಕಡೆಯ ಬಾಬಾಬುಡನ್ ಪದರಗಳಲ್ಲಿ ಹೊಳೆ ಉರುಳಿಸಿ ತಂದ ಪೈರೈಟ್, ಅಂದರೆ ಕಬ್ಬಿಣ-ಗಂಧಕದ ಖನಿಜದ, ಕಾಳುಗಳಿವೆ. ಇಂದಿನ ಹೊಳೆಯಲ್ಲಿ ಪೈರೈಟ್ ತುಕ್ಕಾಗಿ ಕರಗಿಹೋಗುತ್ತದೆ. ಅಂದು ಹೋಗಲಿಲ್ಲ. ಅದೇ ಕಾರಣಕ್ಕೆ ಸಮುದ್ರದ ನೀರಿನಲ್ಲಿ ಕಬ್ಬಿಣ ಬೇಕಾದಷ್ಟು ಕರಗಿತ್ತು. ಅಲ್ಲಲ್ಲಿ ಅದು ಆಕ್ಸೈಡ್ ಆಗಿ ತಳಕ್ಕೆ ಇಳಿದು, ಸಿಲಿಕಾದ ಜೊತೆ ಪಟ್ಟೆ ಪಟ್ಟೆಯಾಗಿ ಕೂತಿತು. ಕೆಂಪು, ಕಪ್ಪು, ಬೂದಿ ಪಟ್ಟೆಗಳ ಆ ಕಲ್ಲು ಕಪ್ಪತಗುಡ್ಡದ ಮೇಲೆ ಧಾರಾಳ. ಸುಲಭಕ್ಕೆ ಸವೆಯುವುದಿಲ್ಲ, ಅದಕ್ಕೇ ಸುತ್ತಲಿನ ನೆಲ ತಗ್ಗಿದರೂ ಅದು ಗುಡ್ಡವಾಗಿ ನಿಂತಿದೆ. ಸಂಡೂರಿನ ಅದಿರೂ ಇದೇ ಕಾಲದ ಇಂಥದೇ ಕಲ್ಲಿನದು.

ಚಿನ್ನ ಮಾತ್ರ ರಾಡಿಯೊಂದಿಗೆ ಬಂದದ್ದಲ್ಲ. ಮಡಿಕೆ ಬಿದ್ದ ಮೇಲೆ ಆಳದ ಬಿಸಿನೀರು ಬಿರುಕುಗಳಲ್ಲಿ ಏರಿ ಬಂತು. ದಾರಿಯಲ್ಲಿ ಬೆಣಚುಕಲ್ಲಿನ ಎಳೆಗಳನ್ನೂ ಅದರಲ್ಲಿ ಸ್ವಲ್ಪ ಚಿನ್ನವನ್ನೂ ಬಿಟ್ಟುಹೋಯಿತು. ಗದಗಿನ ಚಿನ್ನಕ್ಕೆ ಸಿಕ್ಕ ವಯಸ್ಸು ಸುಮಾರು 252 ಕೋಟಿ ವರ್ಷ. ಡೋಣಿ, ಸೊರಟೂರಿನ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನದ ಕಣ ಆರಿಸುತ್ತಿದ್ದರು, ಫೂಟ್ ಅವರನ್ನು ನೋಡಿದ್ದರು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. ಇಲ್ಲಿನ ಚಿನ್ನ ಆರ್ಸೆನೋಪೈರೈಟ್ ಎಂಬ ಖನಿಜದ ಜೊತೆ ಬೆರೆತಿದೆ, ಬಿಡಿಸುವುದು ಕಷ್ಟ. ಅದರಲ್ಲಿ ಆರ್ಸೆನಿಕ್ ವಿಷ ಇದೆ. ಅಗೆದು ಗಾಳಿ-ಮಳೆಗೆ ಬಿಟ್ಟರೆ ಅದು ಹಳ್ಳಕ್ಕೆ ಇಳಿಯುತ್ತದೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಔಷಧಿ ಗಿಡಗಳ ಕಾರಣ ಎಲ್ಲರೂ ಹೇಳುತ್ತಾರೆ, ಕಲ್ಲಿನ ಈ ಕಾರಣವನ್ನೂ ಹೇಳಬೇಕು ಅನಿಸುತ್ತದೆ.

ಲಕ್ಕುಂಡಿಯ ಗುಡಿಗಳ ಕಲ್ಲೂ ಈ ಶಿಸ್ಟ್ ಕುಟುಂಬದ್ದೇ, ಕ್ಲೋರೈಟ್ ತುಂಬಿದ ಮೆತ್ತನೆಯ ಬಳಪದ ಕಲ್ಲು. ಬಾದಾಮಿ, ಪಟ್ಟದಕಲ್ಲಿನ ಶಿಲ್ಪಿಗಳ ಕೈಯಲ್ಲಿದ್ದದ್ದು ಮರಳುಗಲ್ಲು. ಅದರಲ್ಲಿ ಕಾಳು ಕಾಳಾಗಿ ಉದುರುವ ಭಯ. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದಲ್ಲಿರುವ ಸಣ್ಣ ಕೆತ್ತನೆ ಮರಳುಗಲ್ಲಿನಲ್ಲಿ ಆಗುತ್ತಿರಲಿಲ್ಲ.

ಇನ್ನು ಬೋರ್‌ವೆಲ್. ಈ ಕಲ್ಲು ಹುಟ್ಟಿದಾಗ ಕಾಳುಗಳ ನಡುವೆ ನೀರಿಗೆ ಜಾಗ ಇತ್ತು. ಒತ್ತಿ, ಮಡಿಸಿ, ಕಾಯಿಸಿದ ಮೇಲೆ ಅದೆಲ್ಲ ಮುಚ್ಚಿಹೋಯಿತು. ಈಗ ನೀರು ನಿಲ್ಲುವುದು ಎರಡೇ ಕಡೆ: ಮೇಲಿನ ಕೊಳೆತ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಪದರಗಳು ನೆಟ್ಟಗೆ ನಿಂತಿರುವುದರಿಂದ ಅವುಗಳ ಗುಂಟ ಬಿದ್ದ ಬಿರುಕುಗಳೂ ಕಡಿದಾಗಿ ಇಳಿಯುತ್ತವೆ. ನೂರು ಅಡಿ ಪಕ್ಕಕ್ಕೆ ಸರಿದರೆ ಬಿರುಕು ತಪ್ಪಿಹೋಗುತ್ತದೆ, 600 ಅಡಿ ಕೊರೆದರೂ ಬರೀ ಧೂಳು. ತೆಂಗಿನಕಾಯಿ ಹಿಡಿದು ನೀರು ತೋರಿಸುವವರಿಗಿಂತ ಮೊದಲು ಸುತ್ತಲಿನ ಹೊಲಗಳಲ್ಲಿ ನೀರು ಬಿದ್ದ ಬೋರುಗಳನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿ ನೋಡಿ. ಅವು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಒಂದು ಗೆರೆಯಲ್ಲಿ ಬಂದರೆ, ಆ ಗೆರೆ ನಿಮ್ಮ ಹೊಲದಲ್ಲಿ ಎಲ್ಲಿ ಹಾಯುತ್ತದೆ ಎಂದು ಭೂಜಲ ತಜ್ಞರನ್ನು ಕರೆದು ಕೇಳಿ. ಲಾರಿ ಅಲ್ಲಿ ನಿಲ್ಲಿಸಬೇಕು.